ಗುಡುಗಮ್ಮನ ಗಾಲಿಕುರ್ಚಿ

ಹೆತ್ತವರು ಆಕೆಗೆ ಇಟ್ಟ ಹೆಸರು ನಾಟಕದವರಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಮೈಕು ಕೈಕೊಟ್ಟ ದಿನವೂ ಕೊನೆಯ ಸಾಲಿನಲ್ಲಿ ತೂಕಡಿಸುವವನು ಬೆಚ್ಚಿ ಎದ್ದು ಕೂರಬೇಕು, ಅಂಥ ಗಂಟಲು. ಹಾಗಾಗಿ ಗುಡುಗಮ್ಮ. ಬಸ್ಸಿನಿಂದ ಇಳಿಯುವಾಗ ಬಿದ್ದು ಬೆನ್ನುಮೂಳೆ ಮುರಿದ ಮೇಲೆ ಸೊಂಟದಿಂದ ಕೆಳಗಿನದೆಲ್ಲ ಸುಮ್ಮನಾಯಿತು. ಗಂಟಲು ಮಾತ್ರ ಹಾಗೇ ಉಳಿಯಿತು. ಉಳಿದು ಏನು ಬಂತು? ತಂಗಿಯ ಇಸ್ತ್ರಿ ಅಂಗಡಿಯಲ್ಲಿ ಗಾಲಿಕುರ್ಚಿ ಹಾಕಿಕೊಂಡು ಕೂತು ಗಿರಾಕಿಗಳನ್ನು ಗದರಿಸುವುದಷ್ಟೇ ಅದಕ್ಕೆ ಸಿಕ್ಕ ಕೆಲಸ. "ಈ ಕಲೆ ಇಸ್ತ್ರಿಗೆ ಹೋಗಲ್ಲ ಸ್ವಾಮಿ, ಮೊದಲು ಒಗೆದು ತನ್ನಿ!" ಎಂದು ಆಕೆ ಕೂಗಿದರೆ ಬೀದಿಯ ಆಚೆ ಬದಿಯ ಔಷಧಿ ಅಂಗಡಿಯವನೂ ಬಗ್ಗಿ ತನ್ನ ಅಂಗಿ ನೋಡಿಕೊಳ್ಳುತ್ತಿದ್ದ.

ನಾಟಕದವರು ಮೊದಮೊದಲು ಬಂದು ಹೋಗಿ ಮಾಡುತ್ತಿದ್ದರು. ಆಮೇಲೆ ಬಿಡುವಾದಾಗ ಬರುತ್ತೇವೆ ಎಂದರು. ಆಮೇಲೆ ಆ ಮಾತೂ ನಿಂತಿತು. ಗುಡುಗಮ್ಮ ಯಾರನ್ನೂ ಬೈಯಲಿಲ್ಲ. ಆದರೆ ಸಂಜೆ ಆರಾಗುತ್ತಿದ್ದಂತೆ, ನಾಟಕದ ಮೊದಲ ಬೆಲ್ಲು ಹೊಡೆಯುವ ಹೊತ್ತಿಗೆ, ಆಕೆಯ ಮುಖ ನೋಡಲು ತಂಗಿಗೆ ಆಗುತ್ತಿರಲಿಲ್ಲ.

ಹೀಗಿರುವಾಗ ಊರಿನ ಹಳೆಯ ರಂಗಮಂದಿರ ದುರಸ್ತಿಯಾಗಿ ಮತ್ತೆ ತೆರೆಯಿತು. ಮುಂಬಾಗಿಲಿಗೆ ಉಕ್ಕಿನ ಕಂಬಿ ಹಾಕಿದ ಇಳಿಜಾರು, ಮೊದಲ ಸಾಲಿನಲ್ಲಿ ಗಾಲಿಕುರ್ಚಿಗೆಂದೇ ಬಿಟ್ಟ ಜಾಗ, ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಗಾಲಿಕುರ್ಚಿಯ ಚಿತ್ರ. 'ಎಲ್ಲರಿಗೂ ತೆರೆದ ಬಾಗಿಲು' ಎಂದು ಪತ್ರಿಕೆಗಳಲ್ಲಿ ಫೋಟೋ ಸಮೇತ ಬಂತು. ಅದಾದ ಮೇಲೆ ಒಂದು ದಿನ ನಿರ್ದೇಶಕ ಇಸ್ತ್ರಿ ಅಂಗಡಿಯ ಮುಂದೆ ಬಂದು ನಿಂತ. ಗುಡುಗಮ್ಮ ನಾಯಕಿಯಾಗಿದ್ದ ಕಾಲದಲ್ಲಿ ಪರದೆ ಎಳೆಯುತ್ತಿದ್ದವನು, ಈಗ ದೊಡ್ಡ ಹೆಸರು.

"ಅಮ್ಮಾ, ಒಂದು ಪಾತ್ರ ಇದೆ. ಬಾಡಿಗೆ ಕೋಣೆಗಳ ಮನೆ ನಡೆಸೋ ಒಡತಿ. ಕೂತಲ್ಲಿಂದಲೇ ಎಲ್ಲರನ್ನೂ ಆಳ್ತಾಳೆ. ನಿಮ್ಮನ್ನ ಬಿಟ್ಟರೆ ಬೇರೆ ಯಾರೂ ನನ್ನ ಕಣ್ಣಿಗೆ ಬೀಳ್ತಿಲ್ಲ."

ಊರಿಗೇ ಕೇಳುವ ಗಂಟಲಿನವಳು ಮಡಿಲಲ್ಲಿದ್ದ ಗಿರಾಕಿಯ ಅಂಗಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸತೊಡಗಿದಳು. ತಂಗಿಯೇ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, "ಅಕ್ಕಾ, ಹೂಂ ಅನ್ನು, ಪಾಪ ಕಾಯ್ತಿದಾರೆ" ಎನ್ನಬೇಕಾಯಿತು.

ಅಭ್ಯಾಸ ನಡೆದದ್ದು ಒಂದು ಶಾಲೆಯ ನೆಲಮಹಡಿಯಲ್ಲಿ. ಅಲ್ಲಿ ಯಾವ ತೊಡಕೂ ಇರಲಿಲ್ಲ. ಗುಡುಗಮ್ಮ ಗಾಲಿಕುರ್ಚಿಯನ್ನೇ ಪಾತ್ರಕ್ಕೆ ಪಳಗಿಸಿದಳು. ಬಾಡಿಗೆ ಕೊಡದವನು ಗೋಗರೆಯುವಾಗ ಸರಕ್ಕನೆ ಚಕ್ರ ತಿರುಗಿಸಿ ಅವನಿಗೆ ಬೆನ್ನು ಹಾಕುತ್ತಿದ್ದಳು. ಎಡಗಾಲಿ ಕಿರ್ ಎಂದರೆ ಸಾಕು, ಮನೆಯವರೆಲ್ಲ ನಿಂತಲ್ಲೇ ಸೆಟೆದುಕೊಳ್ಳಬೇಕು. ನಿರ್ದೇಶಕ ಕುಣಿದಾಡಿಬಿಟ್ಟ. ಗಾಲಿಗೆ ಎಣ್ಣೆ ಬಿಡಬೇಡಿ ಎಂದು ಅಪ್ಪಣೆಯಾಯಿತು.

ರಂಗಮಂದಿರಕ್ಕೆ ಹೋದ ಮೊದಲ ದಿನ ಮುಂಬಾಗಿಲ ಇಳಿಜಾರಿನಲ್ಲಿ ಆಕೆ ಮಹಾರಾಣಿಯ ಹಾಗೆ ಒಳಗೆ ಹೋದಳು. ಒಳಗೆ ಹೋಗಿ ನೋಡಿದರೆ ರಂಗ ಎದೆಮಟ್ಟ ಎತ್ತರ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು. ರಂಗದ ಹಿಂಬಾಗಿಲಿನಿಂದ ಅಂಗಳಕ್ಕೆ ಇಳಿಯಲು ಕಬ್ಬಿಣದ ಮೆಟ್ಟಿಲು, ಕಲಾವಿದರ ಶೌಚಾಲಯ ಆ ಅಂಗಳದಲ್ಲಿ. ನೋಡುವವರಿಗೆ ದಾರಿ ಮಾಡಿಟ್ಟಿದ್ದರು. ಆಡುವವರೂ ಗಾಲಿಕುರ್ಚಿಯಲ್ಲಿ ಬಂದಾರು ಎಂಬುದು ಆ ಪುಣ್ಯಾತ್ಮರಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ! ಅಂಗಳದ ಮೂಲೆಯಲ್ಲಿ ಯಾವುದೋ ಹಳೆಯ ನಾಟಕಕ್ಕೆ ಮಾಡಿದ ಮರದ ಸೇತುವೆಯೊಂದು ಟಾರ್ಪಾಲಿನ ಕೆಳಗೆ ಬಿದ್ದುಕೊಂಡಿತ್ತು.

ರಂಗದ ಬಡಗಿ ಮತ್ತು ಲೈಟಿನವರು ಸೇರಿ ಆಕೆಯನ್ನು ಕುರ್ಚಿ ಸಮೇತ ಎತ್ತಿ ರಂಗದ ಮೇಲಿಟ್ಟರು. ರಂಗಮಂದಿರದ ಮ್ಯಾನೇಜರ್ ಅದನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಜನರ ಮುಂದೆ ಹೀಗೆ ಹೊತ್ತು ಹತ್ತಿಸೋದು ಇಳಿಸೋದು ಚೆನ್ನಾಗಿರಲ್ಲ. ಬಾಗಿಲು ತೆಗೆಯೋ ಮೊದಲೇ ಮೇಲೆ ಕೂರಿಸಿಬಿಡಿ. ಎಲ್ಲರೂ ಹೋದ ಮೇಲೆ ಇಳಿಸಿ."

ನಿರ್ದೇಶಕ ಆಕೆಯತ್ತ ತಿರುಗಿದ. "ಅಮ್ಮಾ, ಏನಾದರೂ ತೊಂದರೆ ಆಗುತ್ತಾ?"

"ತೊಂದರೆ ಎಂಥದಪ್ಪಾ? ಮೈ ಸುಡೋ ಜ್ವರದಲ್ಲಿ ಆಡಿದೋಳು ನಾನು."

ಅಯ್ಯೋ, ಇಲ್ಲೇ ಆಕೆ ಎಡವಿದ್ದು. ಆದರೆ ಬೇರೆ ಏನು ಹೇಳಿಯಾಳು? ಗುಡುಗಮ್ಮನಿಗೆ ಹರೆಯದಲ್ಲಿ ಮೊದಲ ದೊಡ್ಡ ಪಾತ್ರ ಸಿಕ್ಕಿದ್ದೇ ಹೀಗೆ. ಆಗಿನ ನಾಯಕಿ ಕಾಲು ಉಳುಕಿದೆ, ಇವತ್ತೊಂದು ದಿನ ಆಗುವುದಿಲ್ಲ ಎಂದಿದ್ದಳು. ಆ ಒಂದು ದಿನಕ್ಕೆಂದು ಇವಳು ರಂಗ ಹತ್ತಿದಳು, ಆ ನಾಯಕಿ ಮತ್ತೆ ಹತ್ತಲೇ ಇಲ್ಲ. ಕಾಲು ಸರಿಹೋದ ಮೇಲೂ ಪರದೆಯ ಮರೆಯಲ್ಲಿ ಬಂದು ನಿಂತು ನೋಡಿ ಹೋಗುತ್ತಿದ್ದ ಆ ಹೆಂಗಸಿನ ಮುಖ ಗುಡುಗಮ್ಮನಿಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿತ್ತು. ತೊಂದರೆ ಎಂದು ಬಾಯಿಬಿಟ್ಟವರ ಪಾತ್ರ ಬೇರೆಯವರ ಪಾಲಾಗುತ್ತದೆ ಎಂಬುದನ್ನು ನಾಟಕದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಸಲ ಕಳೆದುಕೊಂಡರೆ ಮತ್ತೊಂದು ಪಾತ್ರ ಎಲ್ಲಿಂದ ಬರಬೇಕು? ಆಗಲೇ ಬದಲಿ ಹುಡುಗಿಯೊಬ್ಬಳು ಸಾಲು ಸಾಲಾಗಿ ಮಾತು ಬಾಯಿಪಾಠ ಮಾಡಿಕೊಂಡು ಕಾಯುತ್ತಿದ್ದಳು.

ಬೆನ್ನುಮೂಳೆ ಮುರಿದವರ ಮೈಯ ಕಷ್ಟ ಅನುಭವಿಸಿದವರಿಗೇ ಗೊತ್ತು. ಮೂತ್ರಕ್ಕೆ ಅವಸರವಾದದ್ದು ಆಕೆಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಗಡಿಯಾರ ನೋಡಿಕೊಂಡು ಹೋಗಬೇಕು, ನೀರು ಧಾರಾಳವಾಗಿ ಕುಡಿಯಬೇಕು, ತಡೆದರೆ ಕಿಡ್ನಿಗೆ ಕುತ್ತು ಎಂದು ಡಾಕ್ಟರು ಸಾರಿ ಸಾರಿ ಹೇಳಿದ್ದರು. ರಂಗದ ಮೇಲೆ ಅಷ್ಟು ಹೊತ್ತು ಕೂತಿರುವವಳು ಗಡಿಯಾರ ನೋಡಿ ಹೋಗುವುದೆಲ್ಲಿಗೆ? ಗುಡುಗಮ್ಮ ಉಪಾಯ ಕಂಡುಕೊಂಡಳು. ಪ್ರದರ್ಶನವಿದ್ದ ದಿನ ಬೆಳಗಿನಿಂದ ನೀರೇ ಮುಟ್ಟುತ್ತಿರಲಿಲ್ಲ.

"ತುಟಿ ಒಡೆದು ಹೋಗಿದೆಯಲ್ಲಕ್ಕಾ, ಒಂದು ಗುಟುಕಾದರೂ ಕುಡಿ" ಎಂದು ತಂಗಿ ಲೋಟ ಹಿಡಿದು ನಿಂತರೆ, "ಹೋಗೇ, ನನ್ನ ಹೊಟ್ಟೆ ನನಗೆ ಗೊತ್ತು" ಎಂದು ಅಟ್ಟುತ್ತಿದ್ದಳು.

ನಾಟಕ ಗೆದ್ದಿತು. ಗುಡುಗಮ್ಮ ಚಕ್ರ ತಿರುಗಿಸಿ ಬೆನ್ನು ಹಾಕಿದಾಗಲೆಲ್ಲ ಚಪ್ಪಾಳೆ ಬೀಳುತ್ತಿತ್ತು. ಮಧ್ಯಂತರದಲ್ಲಿ ಉಳಿದವರು ಅಂಗಳಕ್ಕೆ ಹೋಗಿ ಚಹಾ ಕುಡಿದು ಬರುವಾಗ ಆಕೆ ಮುಚ್ಚಿದ ಪರದೆಯ ಹಿಂದೆ ಒಬ್ಬಳೇ ಕೂತು ಅವರ ನಗು ಕೇಳಿಸಿಕೊಳ್ಳುತ್ತಿದ್ದಳು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ಆದರೂ, ನಿಜ ಹೇಳಬೇಕೆಂದರೆ, ಆಕೆ ಅಷ್ಟು ಸುಖವಾಗಿ ಎಷ್ಟೋ ವರ್ಷಗಳಿಂದ ಇರಲಿಲ್ಲ.

ಸುಖ ಎಷ್ಟು ದಿನ? ಮೊದಲು ಚಳಿ ಬಂತು. ಎರಡು ಶಾಲು ಪಾತ್ರಕ್ಕೇ ಬೇಕು ಎಂದು ಹೊದ್ದುಕೊಂಡಳು. ಆಮೇಲೆ ಮಾತು ಮರೆಯತೊಡಗಿತು. ಒಂದು ಸಂಜೆ ಪರದೆ ಬಿದ್ದ ಮೇಲೆ ಬಡಗಿ ಎತ್ತಲು ಬಂದರೆ, ಆಕೆ ಕುತ್ತಿಗೆ ವಾಲಿಸಿಕೊಂಡು ಕೆಂಡದ ಹಾಗೆ ಸುಡುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ತಂಗಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಒಂದು ಕಿಡ್ನಿ ಕೆಟ್ಟಿದೆ, ಇನ್ನೊಂದನ್ನು ಉಳಿಸಿಕೊಳ್ಳುವುದೂ ಕಷ್ಟ.

ನಿರ್ದೇಶಕ ಹಣ್ಣು ಹಿಡಿದುಕೊಂಡು ನೋಡಲು ಬಂದ. ಮಂಚದ ಅಂಚಿನಲ್ಲಿ ಕೂತು ಕಿಟಕಿ ನೋಡಿದ, ಚಾದರದ ಮಡಿಕೆ ಸರಿಮಾಡಿದ. ಏನೋ ಹೇಳಲಿಕ್ಕಿದೆ ಎಂದು ಗುಡುಗಮ್ಮನಿಗೆ ಗೊತ್ತಾಯಿತು.

"ಅದೇನು ನುಂಗ್ತಿದೀಯೋ ಉಗುಳಪ್ಪಾ."

"ಆ ಹುಡುಗಿ ಪಾತ್ರ ಮಾಡ್ತಿದಾಳೆ ಅಮ್ಮಾ. ಮಾತೆಲ್ಲ ಚೆನ್ನಾಗೇ ಬರುತ್ತೆ. ಆದರೆ ಮರದ ಕುರ್ಚಿ ಮೇಲೆ ಕೂರಿಸಿದರೆ ನಾಟಕ ಏಳ್ತಾನೇ ಇಲ್ಲ. ಬೇರೆ ಗಾಲಿಕುರ್ಚಿ ತಂದೆವು, ಆ ಸದ್ದು ಬರಲಿಲ್ಲ. ನೀವು ಹೇಗೂ ಈಗ ಮಲಗಿದೀರಿ... ನಿಮ್ಮ ಕುರ್ಚಿ ಸ್ವಲ್ಪ ದಿನಕ್ಕೆ..."

ತಂಗಿಗೆ ಮೈಯೆಲ್ಲ ಉರಿದುಹೋಯಿತು. "ನಾಚಿಕೆ ಆಗಲ್ವೇನ್ರೀ ನಿಮಗೆ? ಅವಳ ಕಾಲು ಕೇಳ್ತಿದೀರಲ್ಲ!"

"ಸುಮ್ನಿರೇ" ಎಂದಳು ಗುಡುಗಮ್ಮ. ಗೋಡೆಯ ಕಡೆ ಮುಖ ತಿರುಗಿಸಿದಳು. ಕೊಡುವುದಿಲ್ಲ ಎಂದರೆ ನಾಟಕ ನಿಲ್ಲುತ್ತದೆ, ನಿಂತ ನಾಟಕಕ್ಕೆ ಯಾರೂ ಯಾರನ್ನೂ ಮರಳಿ ಕರೆಯುವುದಿಲ್ಲ. ಕೊಟ್ಟರೆ ಆ ಪಾತ್ರ ಜೀವಂತವಾಗಿಯಾದರೂ ಇರುತ್ತದೆ. ಹೀಗೇನೋ ಲೆಕ್ಕ ಹಾಕಿದಳು. "ತಗೊಂಡು ಹೋಗಪ್ಪಾ. ಎಡಗಾಲಿ ಕಡೆ ಜೋಪಾನ."

ಆಸ್ಪತ್ರೆಯವರು ಮನೆಗೆ ಕಳುಹಿಸಿದ ಮೇಲೆ ಆಕೆ ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದಳು. ಕುರ್ಚಿ ಇಲ್ಲದೆ ಅಂಗಡಿಯ ಬಾಗಿಲಿಗೂ ಬರಲಾಗುತ್ತಿರಲಿಲ್ಲ. ಗಿರಾಕಿಗಳನ್ನು ಗದರಿಸುವುದೂ ನಿಂತಿತು. ಈ ವಾರ, ಮುಂದಿನ ವಾರ ಎಂದು ನಿರ್ದೇಶಕ ಫೋನಿನಲ್ಲಿ ಹೇಳುತ್ತಲೇ ಇದ್ದ.

ಒಂದು ಮಧ್ಯಾಹ್ನ ಬಡಗಿ ನೋಡಲು ಬಂದ. ಆಕೆಯ ಮುಖ ನೋಡಿ ಗಾಬರಿಯಾದರೂ ತೋರಿಸಿಕೊಳ್ಳದೆ, ಒಳ್ಳೆಯ ಸುದ್ದಿ ಹೇಳುವ ಉತ್ಸಾಹದಲ್ಲಿ ಮಾತು ತೆಗೆದ.

"ಅಕ್ಕಾ, ಹಿಂಬಾಗಿಲಿಗೆ ಇಳಿಜಾರು ಮಾಡಿದೀನಿ. ಆ ಹುಡುಗಿ ಅಂಗಳದಿಂದಲೇ ಕುರ್ಚಿ ಉರುಳಿಸ್ಕೊಂಡು, ಬೆನ್ನ ಹಿಂದೆ ಬೆಳಕು ಹೊತ್ಕೊಂಡು ಒಳಗೆ ಬರಬೇಕಂತೆ. ನಿರ್ದೇಶಕರ ಹೊಸ ಯೋಚನೆ. ಏನು ಚಪ್ಪಾಳೆ ಅಂತೀರಿ!"

"ಇಳಿಜಾರಾ?" ಎಂದಳು ಗುಡುಗಮ್ಮ. "ಎಷ್ಟು ಹೊತ್ತು ಹಿಡೀತು?"

"ಬೆಳಗ್ಗೆ ಶುರು ಮಾಡಿ ಊಟದ ಹೊತ್ತಿಗೆ ಮುಗಿಸಿದೆ. ಆ ಹಳೇ ಸೇತುವೆ ಬಿದ್ದಿತ್ತಲ್ಲ, ಅದನ್ನೇ ಕೊಯ್ದು ಜೋಡಿಸಿದ್ದು." ಹೇಳುತ್ತ ಹೇಳುತ್ತ ಅವನಿಗೇ ತಾನು ಹೇಳುತ್ತಿರುವುದು ಏನೆಂದು ಹೊಳೆಯಿತು. ಶೌಚಾಲಯ ಆ ಅಂಗಳದಲ್ಲೇ ಇತ್ತು. ಅವನ ಕಣ್ಣು ತುಂಬಿತು. "ನೀವು ಒಂದು ಮಾತು ಕೇಳಿದ್ದರೆ ಅವತ್ತೇ ಮಾಡಿಕೊಡ್ತಿದ್ದೆನಲ್ಲಕ್ಕಾ..."

"ಕೇಳಿದ್ದರೆ ಪಾತ್ರ ಉಳೀತಿತ್ತೇನೋ?"

ಬಡಗಿ ಕೈಯಲ್ಲಿದ್ದ ಅಳತೆಪಟ್ಟಿಯನ್ನು ಎಳೆಯುತ್ತ, ಬಿಡುತ್ತ ಕೂತಿದ್ದ. ಕೊನೆಗೆ, "ಹುಷಾರಾಗಿ ಬನ್ನಿ ಅಕ್ಕಾ, ಇನ್ಮೇಲೆ ನಿಮಗೆ ಸಲೀಸು, ದಾರಿ ಇದೆಯಲ್ಲ" ಎಂದ.

"ದಾರಿ ಅಲ್ಲಿದೆ, ಕುರ್ಚಿಯೂ ಅಲ್ಲೇ ಇದೆ" ಎಂದಳು ಗುಡುಗಮ್ಮ. "ನಾನು ಇಲ್ಲಿದೀನಿ ಕಣೋ."

ಅವನು ಹೋದ ಮೇಲೆ ಆಕೆ ಸದ್ದಿಲ್ಲದೆ ಅತ್ತಳು. ಇಸ್ತ್ರಿ ಮಾಡುತ್ತಿದ್ದ ತಂಗಿಗೆ ಅದು ಕೇಳಿಸಲಿಲ್ಲ. ಸಂಜೆ ಆರಾಯಿತು. ಮೊದಲ ಬೆಲ್ಲಿನ ಹೊತ್ತು.

"ನೀರು ಕೊಡೇ" ಎಂದು ಒಳಗಿನಿಂದ ಧ್ವನಿ ಬಂತು. ಎಷ್ಟು ಸಣ್ಣ ಧ್ವನಿ ಎಂದರೆ, ತಂಗಿ ಅದು ಬೇರೆ ಯಾರದೋ ಎಂದುಕೊಂಡು ಬೀದಿಯ ಕಡೆ ನೋಡಿದಳು. ಆಮೇಲೆ ಚೊಂಬು ತೆಗೆದುಕೊಂಡು ಒಳಗೆ ಓಡಿದಳು. ಗುಡುಗಮ್ಮ ಅಷ್ಟನ್ನೂ ಒಂದೇ ಉಸಿರಿಗೆ ಕುಡಿದಳು. ಇನ್ನೂ ಬೇಕು ಎಂದಳು.