ಪೇಟಿ ಮೇಷ್ಟ್ರ ಬಲಗಾಲು

ಪೇಟಿ ಮೇಷ್ಟ್ರ ಬಲಗಾಲು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುವಾಗಲೂ ಪಾದ ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಕಾಲಲ್ಲಿ ತುಳಿದು ಗಾಳಿ ತುಂಬುವ ಹಾರ್ಮೋನಿಯಂ ಪೇಟಿ ಅವರದು. ಆಯಸ್ಸೆಲ್ಲ ಅದನ್ನೇ ತುಳಿದವರು. “ಏನ್ ಮೇಷ್ಟ್ರೆ, ನಮ್ ಜಗ್ಲೀಲಿ ಬಟ್ಟೆ ಒಲೀತಾ ಇದ್ದೀರಾ?” ಅಂತ ನಾನು ಅಂದರೆ, “ಊಂ ಕಣಕ್ಕ, ನಿಮ್ ಬಾಯಿ ಒಲಿಯಾಕೆ” ಅನ್ನುತ್ತಿದ್ದರು.

ಅರಕೆರೆ ಸುತ್ತಿನ ರೈತರಿಗೆ ಪೌರಾಣಿಕ ನಾಟಕ ಕಲಿಸುವುದು ಅವರ ಕಸುಬು. ಗದ್ದೆಯಿಂದ ಬಂದವನ ತಲೆಗೆ ಕಿರೀಟ ಇಟ್ಟು ಹಾಡಿಸಬೇಕು. ಎಷ್ಟು ದೊಡ್ಡ ಜಮೀನಿನವನಾದರೂ ರಂಗ ಹತ್ತುವ ಮುಂಚೆ ಪೇಟಿ ಮುಟ್ಟಿ ಕಣ್ಣಿಗೊತ್ತಿಕೊಂಡು, “ಮೇಷ್ಟ್ರೆ, ಶ್ರುತಿ ಕೊಡಿ” ಅನ್ನಬೇಕು. ನಾನು ಬೇಗ ಸ್ಲೇಟು ಬಿಟ್ಟವಳು, ಶ್ರುತಿ ಗಿತಿ ತಿಳಿಯದು. ಆ ಮಾತಿನ ಮರ್ಯಾದೆ ತಿಳಿಯುತ್ತಿತ್ತು.

ನನ್ನ ಮೊಮ್ಮಗಳು ಲಂಗ ಹಾಕುವ ಕಾಲದಿಂದ ಅವರ ಹತ್ತಿರ ಪೇಟಿ ಕಲಿತಳು. ಪಟ್ಟಣದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದಳು. ಹಾಲಿನ ಡೇರಿಯ ಲ್ಯಾಬಿನಲ್ಲಿ ಕೆಲಸವೂ ಸಿಕ್ಕಿತು. ತಿಂಗಳ ಸಂಬಳ, ನೆರಳಲ್ಲಿ ಕೂರುವ ಕೆಲಸ. ಇವಳು, ಹೋಗುವುದಿಲ್ಲ, ನಾಟಕ ಕಲಿಸುತ್ತೇನೆ ಅಂದಳು. ಊರ ಗಂಡಸರು ಕಟ್ಟುವ ನಾಟಕಕ್ಕೆ ಹೆಣ್ಣು ಮೇಷ್ಟ್ರನ್ನು ಯಾರು ಕರೆಯುತ್ತಾರೆ?

ನೆಟ್ಟಗೆ ಮೇಷ್ಟ್ರ ಮನೆಗೆ ಹೋದೆ. “ಅವ್ಳು ನಿಮ್ ಮಾತೊಂದೇ ಕೇಳಾದು. ಡೇರಿಗೆ ಓಗು ಅಂತ ಯೋಳಿ.”

ಅವರ ಮಂಡಿ ಊದಿಕೊಂಡಿತ್ತು. ಆದರೂ ಪಾದ ಅಲ್ಲಾಡುತ್ತಿತ್ತು. “ಭಾನ್ವಾರ ಪಾಲಳ್ಳೀಲಿ ನಾಟ್ಕ ಅದೆ, ಬನ್ನಿ ಅಕ್ಕ. ನೋಡಿದ್ಮೇಲೂ ಇಂಗೇ ಅಂದ್ರೆ ಅಲ್ಲೇ ಯೋಳ್ಬುಡ್ತೀನಿ.”

ಭಾನುವಾರ ಹಗಲಲ್ಲೇ ನಾಟಕ. ಪೇಟಿಯ ಮುಂದೆ ಕೂತಿದ್ದವಳು ಇವಳು. ಮೇಷ್ಟ್ರು ಪಕ್ಕದ ಕುರ್ಚಿಯಲ್ಲಿ. ರಾಜನ ಪಾರ್ಟಿನವನು ಗದೆ ಕೆಳಗಿಟ್ಟ. “ಎಣ್ಣೈಕ್ಳ ಶ್ರುತಿಗೆ ನಾನ್ ಆಡಾಕಿಲ್ಲ.”

“ಶ್ರುತಿಗೆ ಮೀಸೆ ಇರ್ತದೇನ್ಲಾ? ಅತ್ಲಾ ಮ್ಯಾಕೆ” ಅಂದರು ಮೇಷ್ಟ್ರು.

ಹತ್ತಿದ. ಪೇಟಿ ಮುಟ್ಟಲಿಲ್ಲ. ಜನ ಶಿಳ್ಳೆ ಹೊಡೆದದ್ದೇ ತಡ, ಉಬ್ಬಿಹೋಗಿ, ಇವಳು ಕೊಟ್ಟ ಶ್ರುತಿ ಬಿಟ್ಟು ದನಿ ಮೇಲಕ್ಕೆ ಎತ್ತಿಕೊಂಡ. ಅರ್ಧ ಹಾಡಿಗೆ ಗಂಟಲು ಕಟ್ಟಿ ಹುಂಜದ ಹಾಗೆ ಕೂಗಿದ. ಮುಂದಿನ ಸಾಲಿನವರು ನಕ್ಕರು. ಮೇಷ್ಟ್ರಾಗಿದ್ದರೆ “ಇಳೀಲಾ ಕೆಳೀಕೆ” ಎಂದು ಎಲ್ಲರ ಮುಂದೆ ಬೈಯುತ್ತಿದ್ದರು. ಇವಳು ಬೈಯಲಿಲ್ಲ. ಅವನು ನಿಲ್ಲಿಸಿದ ಜಾಗದಿಂದ ಪೇಟಿಯಲ್ಲೇ ನುಡಿಸಿದಳು, ಅದೂ ಹಾಡಿನದೇ ಭಾಗ ಅನ್ನುವ ಹಾಗೆ. ನುಡಿಸುತ್ತಾ ನುಡಿಸುತ್ತಾ ಅವನ ಗಂಟಲಿಗೆ ಎಟುಕುವಷ್ಟು ಕೆಳಗೆ ಕರೆತಂದು, ಇಲ್ಲಿಂದ ಹಿಡಿ ಎಂದು ತಲೆ ಆಡಿಸಿದಳು. ಅವನು ಹಿಡಿದುಕೊಂಡ. ಹಾಡು ಮುಗಿಯುವಷ್ಟರಲ್ಲಿ ಜನ ಎದ್ದು ನಿಂತು “ಒನ್ಸ್ ಮೋರ್!” ಎಂದು ಕೂಗುತ್ತಿದ್ದರು.

ರಾಜ ರಂಗದ ಅಂಚಿಗೆ ಬಂದು ಬಗ್ಗಿದ. ಪೇಟಿ ಮುಟ್ಟಿ ಕಣ್ಣಿಗೊತ್ತಿಕೊಂಡ. “ಮೇಷ್ಟ್ರೆ, ಅದೇ ಶ್ರುತಿ ಕೊಡಿ.”

ಅವನು ನೋಡುತ್ತಿದ್ದದ್ದು ನನ್ನ ಮೊಮ್ಮಗಳನ್ನು.

ಮೇಷ್ಟ್ರು ನನ್ನ ಕಡೆ ತಿರುಗಿದರು. “ಅಕ್ಕ, ಈಗ ಡೇರಿ ವಿಚಾರ ಯೋಳ್ಲಾ?”

“ಸುಮ್ಕಿರಿ, ಆಡು ಕೇಳಾನ” ಅಂದೆ.

ಆ ವರ್ಷವೇ ಮೇಷ್ಟ್ರು ತೀರಿಕೊಂಡರು. ಪೇಟಿ ನಮ್ಮ ಮನೆಗೆ ಬಂತು. ಪಾಂಡವಪುರ, ಕೆ.ಆರ್. ಪೇಟೆ ಕಡೆಗೆಲ್ಲ ಹೋಗಿ ಇವಳು ಕಲಿಸುತ್ತಾಳೆ. ಊಟಕ್ಕೆ ಕೂತರೆ ಇವಳ ಬಲಗಾಲೂ ನೆಲ ತುಳಿಯುತ್ತದೆ. ಬೈಯುತ್ತೇನೆ, ನಿಲ್ಲುವುದಿಲ್ಲ.

ಮೊನ್ನೆ ನಾಗಮಂಗಲದ ಕಡೆಯವರು ನಾಟಕಕ್ಕೆ ಕರೆಯಲು ಎಲೆ ಅಡಿಕೆ ಹಿಡಿದು ಬಂದಿದ್ದರು. ಮೀಸೆಯ ದೊಡ್ಡ ಆಳು ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತು, “ಮೇಷ್ಟ್ರು ಮನೇಲವ್ರಾ?” ಅಂದ.

“ಅವ್ರೆ. ತಲೆ ಬಾಚ್ಕತಾವ್ರೆ, ಕೂತ್ಕಳಿ” ಅಂದೆ.