ತಡೆಗಂಬದ ಬಳಿ ಆಡಿದ ಮಾತು

ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಪುಷ್ಪರಾಣಿಯವರ ಹೊಲಿಗೆ ಅಂಗಡಿ. ರವಿಕೆ ಹೊಲಿಯುವುದರಲ್ಲಿ ಅವರ ಕೈ ಚೊಕ್ಕ. ಮದುವೆ ದಿನಗಳಲ್ಲಿ ಇಂದಿರಾನಗರದಿಂದಲೂ ಹೆಂಗಸರು ಬರುತ್ತಾರೆ. ಯಾವ ಊರು ಎಂದು ಯಾರಾದರೂ ಕೇಳಿದರೆ "ತಮಿಳುನಾಡು ಕಡೆ" ಎಂದಷ್ಟೇ ಹೇಳಿ ಟೇಪು ಹಿಡಿದು ಅಳತೆಗೆ ನಿಲ್ಲುತ್ತಾರೆ. ನಿಜಕ್ಕೂ ಅವರದು ಶ್ರೀಲಂಕಾದ ಮನ್ನಾರ್. ಅಂತರ್ಯುದ್ಧ ಹೊತ್ತಿ ಉರಿಯುತ್ತಿದ್ದ ೧೯೯೦ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ದೋಣಿ ಹತ್ತಿ ಬಂದವರು. ಮಗಳು ಅನೋಜಾಗೂ ಅಷ್ಟೇ ಗೊತ್ತಿತ್ತು.

ಅನೋಜಾ ಪತ್ರಿಕೋದ್ಯಮ ಓದುತ್ತಿದ್ದಾಳೆ. ಕಳೆದ ವರ್ಷ ಕಾಲೇಜಿನಲ್ಲಿ ಒಂದು ಸಿನಿಮಾ ಕೊಟ್ಟು, ವಿಶ್ಲೇಷಣೆ ಬರೆದು ತನ್ನಿ ಎಂದಿದ್ದರು. ಯಾವುದೋ ದೇಶದ ಅಂತರ್ಯುದ್ಧದಲ್ಲಿ ಸಿಕ್ಕಿಬಿದ್ದ ಕುಟುಂಬವೊಂದರ ಕಥೆ. ಭಾನುವಾರ ಮಧ್ಯಾಹ್ನ ಅಂಗಡಿಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಳು. ಪುಷ್ಪರಾಣಿ ಪಕ್ಕದಲ್ಲಿ ಹುಕ್ಸ್ ಹಾಕುತ್ತಿದ್ದರು. ಮೊದಲರ್ಧ ಗಂಟೆ ಅವರು ತಲೆಯೆತ್ತಲಿಲ್ಲ.

ಆಮೇಲೆ ರಸ್ತೆಗೆ ಅಡ್ಡ ಹಾಕಿದ ತಡೆಗಂಬದ ದೃಶ್ಯ ಬಂತು. ಬಂದೂಕು ಹಿಡಿದವರು ಬಸ್ಸು ನಿಲ್ಲಿಸಿ ಗಂಡಸರನ್ನು ಇಳಿಸುತ್ತಾರೆ. "ಇವನು ನಿನಗೇನಾಗಬೇಕು?" ಎಂದು ಒಬ್ಬಳನ್ನು ಕೇಳುತ್ತಾರೆ. ಅವಳು ಗಂಡನ ಮುಖ ನೋಡಿ "ಗೊತ್ತಿಲ್ಲ" ಎನ್ನುತ್ತಾಳೆ. ಮಡಿಲಿನ ಮಗುವಿನ ಕಣ್ಣು ಮುಚ್ಚುತ್ತಾಳೆ.

ಅನೋಜಾ ಚಿತ್ರ ನಿಲ್ಲಿಸಿ ಬರೆದುಕೊಂಡಳು. ಬರೆದದ್ದನ್ನು ಗಟ್ಟಿಯಾಗಿ ಓದುವುದು ಅವಳ ಅಭ್ಯಾಸ. "ಈ ಕ್ಷಣದಲ್ಲಿ ತಾಯಿ ಹೇಡಿಯಾಗುತ್ತಾಳೆ. ಆದರೆ ಮಗುವಿನ ಕಣ್ಣು ಮುಚ್ಚಿ ಅದರ ಮುಗ್ಧತೆಯನ್ನು ಉಳಿಸುತ್ತಾಳೆ."

"ಕಣ್ಣಲ್ಲ," ಎಂದರು ಪುಷ್ಪರಾಣಿ.

"ಏನಮ್ಮಾ?"

"ಕಣ್ಣು ಯಾರು ಮುಚ್ತಾರೆ? ಬಾಯಿ ಮುಚ್ಬೇಕು. ಮಗು 'ಅಪ್ಪಾ' ಅಂದ್ಬಿಟ್ರೆ?"

ಅನೋಜಾ ತಿರುಗಿ ನೋಡಿದಳು. ಅಮ್ಮನ ಬೆರಳಿಗೆ ಸೂಜಿ ಚುಚ್ಚಿ, ಯಾರದೋ ಹಸಿರು ರೇಷ್ಮೆಯ ಮೇಲೆ ರಕ್ತದ ಚುಕ್ಕೆ ಬಿದ್ದಿತ್ತು. ಅವರು ಅದನ್ನು ಗಮನಿಸಿರಲಿಲ್ಲ.

"ಅಮ್ಮಾ, ನಿಂಗೆ ಹೇಗ್ ಗೊತ್ತು?"

ಪುಷ್ಪರಾಣಿ ಸೂಜಿ ಕೆಳಗಿಟ್ಟು ಹೇಳತೊಡಗಿದರು. ಊರು ಬಿಟ್ಟ ದಿನ ಕಡಲ ತೀರಕ್ಕೆ ಹೋಗುವ ದಾರಿಯಲ್ಲಿ ಪುಷ್ಪರಾಣಿಯ ಜೊತೆ ಇದ್ದದ್ದು ಅಣ್ಣ ಮರಿಯದಾಸ್ ಮತ್ತು ಅವನ ಮೂರು ವರ್ಷದ ಮಗ ರೀಗನ್. ಅತ್ತಿಗೆ ಫಿಲೋಮಿನಾ ಹಿಂದಿನ ದಿನವೇ ತೀರ ಸೇರಿದ್ದರು. ದಾರಿಯಲ್ಲಿ ಬಂದೂಕುಧಾರಿಗಳು ತಡೆದರು. ಅವರು ಯಾವ ಕಡೆಯವರೆಂದು ಪುಷ್ಪರಾಣಿ ಇಂದಿಗೂ ಹೇಳುವುದಿಲ್ಲ. ಅಣ್ಣನನ್ನು ತೋರಿಸಿ, ಇವನು ಯಾರು ಎಂದು ಕೇಳಿದರು. ರೀಗನ್‌ನ ಬಾಯನ್ನು ತನ್ನ ಭುಜಕ್ಕೆ ಒತ್ತಿ ಹಿಡಿದು ಅವಳು "ಗೊತ್ತಿಲ್ಲ" ಎಂದಳು. ಅಣ್ಣ ಒಮ್ಮೆ ನೋಡಿದ, ಆಮೇಲೆ ನೆಲ ನೋಡಿದ. ಅವನನ್ನು ಹಿಡಿದಿಟ್ಟುಕೊಂಡು ಇವಳನ್ನೂ ಮಗುವನ್ನೂ ಕಳಿಸಿದರು. ತೀರದಲ್ಲಿ ಅತ್ತಿಗೆಯ ಕೈಗೆ ಮಗುವನ್ನು ಕೊಟ್ಟು, "ಅಣ್ಣ ಹಿಂದೆ ಬರ್ತಿದ್ದಾನೆ" ಎಂದಳು. ಆ ಸುಳ್ಳಿಗೆ ಮೂವತ್ತನಾಲ್ಕು ವರ್ಷ ತುಂಬಿತ್ತು.

"ನಿನ್ನ ಸಿನಿಮಾದವರು ಮುಖಾನೇ ತೋರಿಸ್ತಾರೆ," ಎಂದರು ಪುಷ್ಪರಾಣಿ. "ಆಗ ಮುಖ ಕಾಣಲ್ಲ ಕಣೆ. ಬಂದೂಕಿನ ಮೇಲಿರೋ ಬೆರಳೊಂದೇ ಕಾಣೋದು. ಹೇಡಿ ಅಂತಾದ್ರೂ ಬರಿ, ಧೈರ್ಯ ಅಂತಾದ್ರೂ ಬರಿ. ನನ್ನ ಹೆಸರು ಮಾತ್ರ ಬರೀಬೇಡ."

ಅನೋಜಾ ಹೆಸರು ಬರೆಯಲಿಲ್ಲ. 'ಹೇಡಿ' ಎಂಬ ಪದ ಹೊಡೆದುಹಾಕಿದಳು. ಅದರ ಜಾಗಕ್ಕೆ ಬೇರೆ ಪದ ಸಿಗದೆ, ಎರಡು ದಿನ ತಡವಾಗಿ ಕೊಟ್ಟಳು. ಮೇಷ್ಟ್ರು ಅಂಕ ಕಳೆದರು.

ಅಮ್ಮನಿಗೆ ಮಾತ್ರ ಆ ದಿನದಿಂದ ಕೂತಲ್ಲಿ ಕೂರಲಾಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಅಂಗಡಿಯ ಬಾಗಿಲೆಳೆದು ಮೆಟ್ರೋ ಹತ್ತಿದರು. ಫಿಲೋಮಿನಾ ಮಗ ರೀಗನ್‌ನ ಜೊತೆ ಕೆ.ಆರ್. ಪುರದಲ್ಲಿದ್ದರು. ಬೈಯಪ್ಪನಹಳ್ಳಿ ಬಂದಾಗ ಪುಷ್ಪರಾಣಿ ಅಲ್ಲೇ ಇಳಿದು ಬೆಂಚಿನ ಮೇಲೆ ಕೂತುಬಿಟ್ಟರು. ನಾಲ್ಕು ರೈಲು ಹೋದವು. ಐದನೆಯದಕ್ಕೆ ಎದ್ದರು.

ಫಿಲೋಮಿನಾ ಹುರುಳಿಕಾಯಿ ಸೋಸುತ್ತಿದ್ದರು. ನಿಂತೇ ಎಲ್ಲವನ್ನೂ ಹೇಳಿದರು ಪುಷ್ಪರಾಣಿ. ಕೂತರೆ ಹೇಳಲಾಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅತ್ತಿಗೆಯ ಕೈ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ನಾರು ತೆಗೆಯುತ್ತಲೇ ಇತ್ತು. ಆಮೇಲೆ ನಿಂತಿತು.

"ಒಂದೊಂದು ದೋಣಿ ಬಂದಾಗಲೂ ಹೋಗಿ ನೋಡ್ತಿದ್ದೆ," ಎಂದರು. "ನಿರಾಶ್ರಿತರ ಕ್ಯಾಂಪಿನಲ್ಲಿ ಎರಡು ವರ್ಷ. ನೀನೂ ಜೊತೆಗೆ ಬರ್ತಿದ್ದೆ. ನನ್ನ ಕೈ ಹಿಡ್ಕೊಂಡು ಬರ್ತಿದ್ದೆ."

"ಅತ್ತಿಗೆ, ನಿಮ್ಮ..."

"ಹೋಗು. ಮೊದಲು ಇಲ್ಲಿಂದ ಹೋಗು."

ಪುಷ್ಪರಾಣಿ ಮೆಟ್ಟಿಲಿಳಿದರು. ಗೇಟಿನವರೆಗೆ ಬಂದಾಗ ಮೇಲಿನಿಂದ ದನಿ ಕೇಳಿತು. "ಅದು ಯಾವ ದಿನ?"

"ಆಗಸ್ಟ್ ಹದಿನೇಳು. ಶುಕ್ರವಾರ."

ಬಾಗಿಲು ಮುಚ್ಚಿಕೊಂಡಿತು.

ಎಂಟು ತಿಂಗಳು ಆ ಮನೆಯಿಂದ ಫೋನು ಬರಲಿಲ್ಲ. ಕ್ರಿಸ್ಮಸ್‌ಗೆ ಕಳಿಸಿದ ಕೇಕು ವಾಪಸು ಬಂತು. ಈ ಆಗಸ್ಟಿನಲ್ಲಿ ರೀಗನ್ ಒಂದೇ ಸಾಲಿನ ಸಂದೇಶ ಕಳಿಸಿದ: ಹದಿನೇಳಕ್ಕೆ ಶಿವಾಜಿನಗರದ ಚರ್ಚಿನಲ್ಲಿ ಅಪ್ಪನ ಆತ್ಮಕ್ಕೆ ಬಲಿಪೂಜೆ, ಬೆಳಿಗ್ಗೆ ಆರಕ್ಕೆ. ಗಂಡ ಸತ್ತರೋ ಇದ್ದಾರೋ ತಿಳಿಯದೆ ಇಷ್ಟು ವರ್ಷ ಫಿಲೋಮಿನಾ ಮಾಡಿಸದೇ ಇದ್ದ ಪೂಜೆ ಅದು.

ಪುಷ್ಪರಾಣಿ ಮಗಳೊಂದಿಗೆ ಹೋಗಿ ಕಡೆಯ ಬೆಂಚಿನಲ್ಲಿ ಕೂತರು. ಪಾದ್ರಿಗಳು ಮರಿಯದಾಸ್ ಹೆಸರು ಓದಿದಾಗ ಮುಂದಿನ ಸಾಲಿನಲ್ಲಿದ್ದ ಫಿಲೋಮಿನಾ ಒಮ್ಮೆ ಹಿಂದೆ ತಿರುಗಿ, ಇವರು ಬಂದಿರುವುದನ್ನು ನೋಡಿಕೊಂಡರು. ಪೂಜೆ ಮುಗಿದ ಮೇಲೆ ಪಕ್ಕದ ಬಾಗಿಲಿನಿಂದ ಹೊರಟುಹೋದರು.