ಪಾಪದ ಕೂಸು

ಆಕಳಿಕೆಯಷ್ಟು ಸಮತಾವಾದಿಯಾದ ಕ್ರಿಯೆ ಇನ್ನೊಂದಿಲ್ಲ. ಜೋಗೇಶ್ವರಿಯ ನಮ್ಮ ಮನೆಯಲ್ಲಿ ಮಗಳು ಶ್ರುತಿ ಬಾಯಿ ತೆರೆದರೆ ಅಡುಗೆಮನೆಯಲ್ಲಿ ಅವಳ ತಾಯಿಯೂ ತೆರೆಯುತ್ತಾಳೆ, ಪತ್ರಿಕೆಯ ಮರೆಯಲ್ಲಿ ನಾನೂ ತೆರೆಯುತ್ತೇನೆ. ಆಮೇಲೆ ಲಿಫ್ಟಿನಲ್ಲಿ ಎದುರಾದವರಿಗೆಲ್ಲ ಪ್ರಸಾದದಂತೆ ಹಂಚಿ ಬರುತ್ತೇನೆ. ಇದಕ್ಕೆಲ್ಲ ಮೂಲ, ಒಂಬತ್ತು ತಿಂಗಳ ಕರಾರನ್ನು ಎಂಟಕ್ಕೇ ಮುರಿದು ಧರೆಗಿಳಿದ ನನ್ನ ಅವಳಿ ಮೊಮ್ಮಕ್ಕಳು. ಇನ್ನೂ ನಾಮಕರಣವಾಗದ ಕಾರಣ, ನಮ್ಮ ಉಡುಪಿ ಕಡೆಯ ರೂಢಿಯಂತೆ ಗಂಡು ‘ಮಾಣಿ’, ಹೆಣ್ಣು ‘ಕೂಸು’.

ಮಾಣಿಗೆ ಹಸಿವಾದರೆ ಕೆಳಗಿನ ವಾಚ್‌ಮನ್ನನಿಗೂ ತಿಳಿಯುತ್ತದೆ. ಅವನಿಗಿಂತ ಸಣ್ಣದಾಗಿ ಹುಟ್ಟಿದ ಕೂಸಿನದು ಋಷಿಸದೃಶ ಮೌನ. ಆಸ್ಪತ್ರೆಯಿಂದ ಕಳುಹಿಸುವಾಗ, ಎರಡೆರಡು ಗಂಟೆಗೊಮ್ಮೆ ಎಬ್ಬಿಸಿಯಾದರೂ ಹಾಲು ಕುಡಿಸಿ ಎಂದಿದ್ದರು. ಶ್ರುತಿ ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದಳು. ಆದರೆ ಅದರೊಡನೆ ಮಾಣಿಯೂ ಹೊಡೆದುಕೊಳ್ಳುತ್ತಿದ್ದುದರಿಂದ ಪ್ರಥಮ ಪ್ರಾಶಸ್ತ್ಯ ಅವನಿಗೆ. ಕೂಸು ಎರಡು ಗುಟುಕು ಕುಡಿದು ಸಮಾಧಿಗೆ ಮರಳುತ್ತಿತ್ತು.

“ಪಾಪದ್ದು ಮಾರಾಯ್ರೆ ಇದು, ಮನೇಲಿ ಇದ್ದದ್ದೇ ಗೊತ್ತಾಗುದಿಲ್ಲ. ಮಲಗಲಿ, ಏಳಿಸ್ಬೇಡಿ,” ಎಂದಳು ನನ್ನ ಹೆಂಡತಿ.

ನಮ್ಮೂರಿನಲ್ಲಿ ‘ಪಾಪ’ವು ಪುಣ್ಯದ ಶತ್ರುವಾಗುವುದು ಪುರಾಣಶ್ರವಣದ ಹೊತ್ತಿಗೆ ಮಾತ್ರ. ಉಳಿದಂತೆ ಪಾಪದವರೆಂದರೆ ಸಾಧುಗಳು, ಯಾರ ಗೋಜಿಗೂ ಹೋಗದವರು. ಪಕ್ಕದ ಮನೆಯ ಸೀನು ನಮ್ಮ ಮನೆಯಲ್ಲಿ ಕೇಳಿಸುವ ಈ ಬಿಲ್ಡಿಂಗಿನಲ್ಲಿ, ನೀವೇ ಹೇಳಿ, ಇದಕ್ಕಿಂತ ದೊಡ್ಡ ಸದ್ಗುಣವುಂಟೇ? ಬಹುಕಾಲ ಕನ್ನಡ ಶಾಲೆಯ ಮಾಸ್ತರನಾಗಿದ್ದವನು ನಾನು. ಸದ್ದಿಲ್ಲದೆ ಕೂತವರೇ ಒಳ್ಳೆಯವರೆಂಬುದು ನಮ್ಮ ವೃತ್ತಿಯ ಆದಿಸಿದ್ಧಾಂತ. ಹಾಗಾಗಿ ಹೆಂಡತಿಯ ಮಾತಿಗೆ ಗಂಭೀರವಾಗಿ ತಲೆಯಾಡಿಸಿ, ಆಕಳಿಸಿದೆ.

ಮೊನ್ನೆ ಮಧ್ಯಾಹ್ನ, ಅಳಿಯ ವಿಕ್ರೋಳಿಯ ಫ್ಯಾಕ್ಟರಿಗೆ ಹೋಗಿದ್ದಾಗ, ಮಾಣಿಗೆ ಹಾಲೂಡಿಸುತ್ತಿದ್ದ ಶ್ರುತಿ ಪಕ್ಕದಲ್ಲಿದ್ದ ಕೂಸಿನ ಪಾದ ಮುಟ್ಟಿದಳು.

“ಅಪ್ಪಯ್ಯ, ಇದರ ಕಾಲು ಯಾಕೆ ಇಷ್ಟು ಥಂಡಾ?”

ಅಂಗಾಲು ತಟ್ಟಿದೆವು. ಕೂಸು ಹುಬ್ಬು ಗಂಟಿಕ್ಕಿ ಮತ್ತೆ ಮಲಗಿತು. ಎದೆಗಿಟ್ಟರೆ ತುಟಿಯನ್ನೇ ತೆರೆಯಲಿಲ್ಲ.  ಶ್ರುತಿ ಆಸ್ಪತ್ರೆಯ ಡಾಕ್ಟರಮ್ಮನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

“ಬಹುತ್ ಶಾಂತ್ ಬಚ್ಚೀ ಹೈ,” ಎಂದು ನನ್ನ ಹೆಂಡತಿ ನಡುವೆ ಶಿಫಾರಸು ಮಾಡಿದಳು.

“ವಹೀ ತೋ ಡರ್ ಹೈ, ಆಜೀ!” ಎಂದರು ಆಚೆಯಿಂದ. ಆ ಶಾಂತಿಯೇ ಅವರಿಗೆ ಭಯ.

ಅವಸರದಿಂದ ಬಂದ ಅವಳಿಗಳಲ್ಲಿ ಸಣ್ಣದಕ್ಕೆ ಹಸಿವಾದರೂ ಅಳುವ ತ್ರಾಣವಿರುವುದಿಲ್ಲವಂತೆ. ಹಾಲು ಕಡಿಮೆಯಾದರೆ ಮೈ ತಣ್ಣಗಾಗುತ್ತದೆ, ತಣ್ಣಗಾದಷ್ಟೂ ಮಂಪರು, ಮಂಪರಿನಲ್ಲಿ ಹಾಲು ಇನ್ನೂ ಕಡಿಮೆ. ನಾವು ನಿದ್ರೆಯೆಂದು ಮೆಚ್ಚಿಕೊಂಡದ್ದು ನಿತ್ರಾಣವನ್ನು. ಈಗಲೇ ಬರಿಮೈಗೆ ಅವಚಿಕೊಂಡು ಹಾಲು ಕುಡಿಸಿ ನೋಡಿ, ಕುಡಿಯದಿದ್ದರೆ ಕಾಯದೆ ಹೊರಟು ಬನ್ನಿ, ಕುಡಿದರೂ ಸಂಜೆ ತೋರಿಸಿ ಎಂದರು.

ಶ್ರುತಿ ಮಾಣಿಯನ್ನು ಮಲಗಿಸಿ ಕೂಸಿಗೆಂದು ಹಾಲು ಹಿಂಡತೊಡಗಿದಳು. ಹೆಂಡತಿ, ಹಸುಳೆಗೆ ಹಾಲು ಕುಡಿಸುವ ಚೂಪು ಮೂತಿಯ ಬಟ್ಟಲನ್ನು, ಅಂದರೆ ಒಳಲೆಯನ್ನು, ಕುದಿಸಲು ಓಡಿದಳು.

“ಅಪ್ಪಯ್ಯ, ಶರ್ಟ್ ಬಿಚ್ಚಿ. ಜಲ್ದಿ!”

“ನಾನಾ?”

“ಮತ್ಯಾರು, ವಾಚ್‌ಮನ್ನಾ?”

ಹೀಗೆ ನನ್ನ ನರೆತ ವಕ್ಷಸ್ಥಳಕ್ಕೆ ಈ ವಯಸ್ಸಿನಲ್ಲಿ ಉದ್ಯೋಗ ದೊರೆಯಿತು. ಟೊಪ್ಪಿ ಹಾಕಿದ ಕೂಸನ್ನು ಎದೆಗಾನಿಸಿ ಮೇಲೆ ಶಾಲು ಹೊದಿಸಿದರು. ಹತ್ತಿಯಷ್ಟು ಹಗುರ, ನೆಂದ ಹತ್ತಿಯಷ್ಟು ತಂಪು. ಶ್ರುತಿ ಒಳಲೆಯನ್ನು ಕೂಸಿನ ತುಟಿಗಿಟ್ಟಳು. ಒಳಲೆಯ ಮೊದಲ ಹನಿಗಳು ಕೂಸಿನ ಕಟವಾಯಿಯಿಂದ ನನ್ನ ಎದೆಗೇ ಇಳಿದವು. ಹೆಂಡತಿ ಆಸ್ಪತ್ರೆಯ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಳು. ಆಗ ಒಂದು ಪುಟ್ಟ ಕೈ ನನ್ನ ಜನಿವಾರವನ್ನು ಹಿಡಿಯಿತು, ಗಂಟಲು ಅಲುಗಿತು. ಗುಳುಕ್. ಮತ್ತೊಮ್ಮೆ, ಗುಳುಕ್.

“ಕುಡೀತಿದೆ,” ಎಂದು ಶ್ರುತಿ ಅತ್ತಳು. ಹೆಂಡತಿ ಚೀಲದ ಸಮೇತ ನೆಲದ ಮೇಲೆ ಕೂತಳು.

ಸಂಜೆ ಡಾಕ್ಟರಮ್ಮ ಪರೀಕ್ಷಿಸಿ, ರಕ್ತದ ಸಕ್ಕರೆಯಂಶ ಸರಿಯಿದೆ, ಇನ್ನು ಈ ಕೂಸಿಗೆ ಮೊದಲ ಹಾಲು, ಅರಚುವವನಿಗೆ ಆಮೇಲೆ ಎಂದು ತೀರ್ಪಿತ್ತರು. ಈಗ ನಮ್ಮಲ್ಲಿ ಯಾರಿಗೂ ನಿದ್ದೆಯಿಲ್ಲ. ಒಬ್ಬರು ಕಣ್ಣು ಮುಚ್ಚಿದರೆ ಇನ್ನೊಬ್ಬರು ಕೂಸಿನ ಪಾದ ಮುಟ್ಟಿ ನೋಡುತ್ತಿರುತ್ತಾರೆ.

ಇವತ್ತು ಅಲಾರಂಗಿಂತ ಮೊದಲೇ ಕೂಸು ಕಿರುಚಿತು. ಎಂಥ ಕಿರುಚು! ಪಕ್ಕದ ಮನೆಯವರು ಬಾಗಿಲು ಬಡಿದು, “ಸಬ್ ಠೀಕ್ ಹೈ ನಾ?” ಎಂದರು.

“ಏಕ್‌ದಂ ಠೀಕ್!” ಎಂದಳು ಹೆಂಡತಿ, ಹೆಮ್ಮೆಯಿಂದ.

ನಾನು ಶರ್ಟಿನ ಗುಂಡಿಗೆ ಕೈಹಾಕಿದೆ.